ನಾಣ್ಯವಲ್ಲದ್ದಕ್ಕೆ ನಾಣ್ಯದ ಹೆಸರೇಕೆ?

ಕನ್ನಡದಲ್ಲಿ ‘ನಾಣ್ಯ’ ಎಂದರೆ ಬರೀ ಕಾಸಲ್ಲ. ‘ನಾಣ್ಯವಾದ ಮಾಲು’ ಎಂದರೆ ಕಣ್ಣುಮುಚ್ಚಿ ಕೊಳ್ಳಬಹುದಾದ, ಕಲಬೆರಕೆಯಿಲ್ಲದ ಸರಕು. ಇಷ್ಟು ನಂಬಿಕೆ ತುಂಬಿದ ಮಾತನ್ನು ನಮ್ಮ ಮಾಧ್ಯಮಗಳು ಬಿಟ್‌ಕಾಯಿನ್ ಮತ್ತು ಅದರ ಬಳಗಕ್ಕೆ ಧಾರೆಯೆರೆದಿವೆ. ‘ಡಿಜಿಟಲ್ ನಾಣ್ಯ’ ಎಂಬ ತಲೆಬರಹ, ಪಕ್ಕದಲ್ಲಿ ಹೊಳೆಯುವ ಚಿನ್ನದ ಬಿಲ್ಲೆಯ ಚಿತ್ರ. ಅಂಥ ಬಿಲ್ಲೆಯನ್ನು ಯಾವ ಸರ್ಕಾರದ ಟಂಕಸಾಲೆಯೂ ಅಚ್ಚು ಹಾಕಿಲ್ಲ. ಇರುವುದು ಸಾವಿರಾರು ಕಂಪ್ಯೂಟರುಗಳಲ್ಲಿ ನಕಲಾಗಿ ಕೂತ ಒಂದು ಲೆಕ್ಕದ ಪುಸ್ತಕ. ಹೊಸ ಬಿಟ್‌ಕಾಯಿನ್ ಹುಟ್ಟಿಸುವ ಲೆಕ್ಕಾಚಾರಕ್ಕೂ ‘ಗಣಿಗಾರಿಕೆ’ ಎಂದೇ ಹೆಸರು. ಕೋಲಾರ, ಹಟ್ಟಿಯ ಗಣಿಗಳನ್ನು ಕಂಡ ನಾಡಿನಲ್ಲಿ ಆ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಚಿನ್ನದ ಕಡೆಗೇ ಓಡುತ್ತದೆ.

ಹೆಸರಿನಲ್ಲೇನಿದೆ, ಜನ ದಡ್ಡರಲ್ಲ ಎನ್ನುವವರಿದ್ದಾರೆ. ಹಾಗಿದ್ದರೆ ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆಯಾದ ಆಸ್ಕಿ ಇಂಥ ಜಾಹೀರಾತುಗಳಲ್ಲಿ ‘ಕರೆನ್ಸಿ’ ಎಂಬ ಪದವನ್ನೇ ಬಳಸಬಾರದೆಂದು ಏಕೆ ಹೇಳಿತು? 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಮಾರ್ಗಸೂಚಿಯ ಪ್ರಕಾರ, ಇದಕ್ಕೆ ನಿಯಂತ್ರಣವಿಲ್ಲ, ಅಪಾಯ ಹೆಚ್ಚು ಎಂಬ ಎಚ್ಚರಿಕೆಯನ್ನೂ ಜಾಹೀರಾತಿನಲ್ಲಿ ಹಾಕಬೇಕು. ಎಂದರೆ, ಕಾಸು ಕೊಟ್ಟು ಹಾಕಿಸುವ ಜಾಹೀರಾತಿನಲ್ಲಿ ಸಲ್ಲದ ಪದ ಅದೇ ಪತ್ರಿಕೆಯ ಸುದ್ದಿಯಲ್ಲಿ ದಿನವೂ ಸಲ್ಲುತ್ತಿದೆ. ಓದುಗ ಹೆಚ್ಚು ನಂಬುವುದು ಸುದ್ದಿಯನ್ನು. ಅಲ್ಲಿಯೇ ನಾವು ಸಡಿಲ ಬಿಟ್ಟಿದ್ದೇವೆ.

ಸರ್ಕಾರದ ಬಾಯಲ್ಲೂ ಒಂದೇ ಮಾತು ನಿಂತಿಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ‘ವರ್ಚುವಲ್ ಕರೆನ್ಸಿ’ ಎಂದು ಕರೆದು ಬ್ಯಾಂಕುಗಳನ್ನು ದೂರವಿಟ್ಟಿತು. 2021ರ ಮಸೂದೆಯ ಶೀರ್ಷಿಕೆಯಲ್ಲಿ ‘ಕ್ರಿಪ್ಟೋಕರೆನ್ಸಿ’ ಎಂದಿತ್ತು. 2022ರ ಬಜೆಟ್ ಇದೇ ವಸ್ತುವನ್ನು ‘ವರ್ಚುವಲ್ ಡಿಜಿಟಲ್ ಅಸೆಟ್’ ಎಂದು ಕರೆದು ಲಾಭದ ಮೇಲೆ ಶೇ 30 ತೆರಿಗೆ ಹಾಕಿತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ ಎಂದೂ ಹೇಳಿತು. ‘ಕರೆನ್ಸಿ’ ಬಿಟ್ಟದ್ದು ಸರಿಯೇ. ಆದರೆ ಆ ‘ಅಸೆಟ್’ ಕನ್ನಡಕ್ಕೆ ಬಂದಾಗ ‘ಆಸ್ತಿ’ ಆಯಿತು. ನಮ್ಮಲ್ಲಿ ಆಸ್ತಿ ಎಂದರೆ ಹೊಲ, ಮನೆ, ಪಹಣಿಯಲ್ಲಿ ಹೆಸರು, ಮಕ್ಕಳಿಗೆ ಉಳಿಸಿ ಹೋಗುವಂಥದ್ದು. ನಾಣ್ಯಕ್ಕಿಂತ ಭದ್ರವಾದ ಮಾತನ್ನೇ ಹುಡುಕಿ ತಂದು ಕೊಟ್ಟಂತಾಯಿತು.

ಹೆಸರು ನಂಬಿ ಕೆಟ್ಟವರ ಕಥೆ ದೂರದ್ದೇನಲ್ಲ. ‘ಸ್ಟೇಬಲ್‌ಕಾಯಿನ್’ ಎಂದರೆ ಸ್ಥಿರ ನಾಣ್ಯ. ಆ ಹೆಸರಿನಲ್ಲಿ ಮಾರಾಟವಾದ ಟೆರ್ರಾ ಯುಎಸ್‌ಡಿಯ ಬೆಲೆ ಸದಾ ಒಂದು ಡಾಲರ್ ಇರಬೇಕಿತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಲೂನಾ ಎಂಬ ಇನ್ನೊಂದು ಟೋಕನ್ ಜೊತೆಗಿನ ಅದಲುಬದಲಿನ ಸೂತ್ರ. 2022ರ ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದಾಗ ಲೂನಾ ನೆಲಕಚ್ಚಿತು, ‘ಸ್ಥಿರ’ವಾದದ್ದು ಕೆಲವೇ ಸೆಂಟುಗಳಿಗೆ ಇಳಿಯಿತು.

ಇದೇ ಗೊಂದಲದಿಂದ ನಿಜವಾದ ಹಣಕ್ಕೂ ಪೆಟ್ಟು. ರಿಸರ್ವ್ ಬ್ಯಾಂಕಿನ ಡಿಜಿಟಲ್ ರೂಪಾಯಿಯನ್ನು ಜನಸಾಮಾನ್ಯರ ಬಳಕೆಗೆ ಪ್ರಾಯೋಗಿಕವಾಗಿ ಬಿಟ್ಟದ್ದು 2022ರ ಡಿಸೆಂಬರ್ 1ರಂದು. ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅದು ನೋಟಿನಷ್ಟೇ ಅಧಿಕೃತ, ಅದಕ್ಕೆ ಹೊಣೆ ರಿಸರ್ವ್ ಬ್ಯಾಂಕಿನದು. ಆದರೆ ಹೆಸರು ಕೇಳಿದವರಲ್ಲಿ ಕೆಲವರು ಯುಪಿಐ ಎಂದುಕೊಳ್ಳುತ್ತಾರೆ, ಕೆಲವರು ಸರ್ಕಾರವೇ ಬಿಟ್‌ಕಾಯಿನ್ ತಂದಿದೆ ಎಂದು.

ಬಿಟ್‌ಕಾಯಿನ್ ಎಂಬ ಅಂಕಿತನಾಮವನ್ನು ಬದಲಿಸಲು ನಮ್ಮಿಂದಾಗದು. ಆದರೆ ಆ ಇಡೀ ಜಾತಿಗೆ ಏನೆನ್ನಬೇಕೆಂಬುದು ಸುದ್ದಿಮನೆಗಳ ಕೈಯಲ್ಲಿದೆ. ‘ಕ್ರಿಪ್ಟೊ ಟೋಕನ್’ ಎನ್ನೋಣ. ಟೋಕನ್ ಏನೆಂದು ದರ್ಶಿನಿಯಲ್ಲಿ ಇಡ್ಲಿ ತಿಂದವರಿಗೆಲ್ಲ ಗೊತ್ತು: ಆ ಕೌಂಟರಿನಲ್ಲಿ ತೆಗೆದುಕೊಳ್ಳುವವರು ಇರುವವರೆಗೆ ಅದಕ್ಕೆ ಬೆಲೆ. ಆ ಚಿನ್ನದ ಬಿಲ್ಲೆಯ ಚಿತ್ರವನ್ನು ನಾಳೆಯ ಸಂಚಿಕೆಯಿಂದಲೇ ಕೈಬಿಡಬೇಕು.