ವ್ಯಾಜ್ಯದ ವರ್ಗಾವಣೆಯೂ ರೋಗಿಯ ಉಸಿರೂ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ನಮ್ಮಲ್ಲಿ ರೂಢಿಯಾದ ಗಾದೆ. ಕಲ್ನಾರಿನ ಧೂಳನ್ನು ಕುಡಿದವನ ಪಾಲಿಗೆ ಈ ಗಾದೆಯೂ ಸಾಲದು. ಗೆಲ್ಲತಕ್ಕವನೇ ತೀರ್ಪಿಗೆ ಮುಂಚೆ ಕಣ್ಮುಚ್ಚುವ ಸಂಭವವುಂಟು. ಆಸ್ಬೆಸ್ಟಾಸ್ ಎಂದು ಜನರು ಕರೆಯುವ ಈ ಕಲ್ಲಿನ ನಾರು ಶ್ವಾಸಕೋಶವನ್ನು ಹೊಕ್ಕರೆ, ಸಾಮಾನ್ಯವಾಗಿ 20ರಿಂದ 40 ವರ್ಷಗಳ ಮೇಲೆ ರೋಗವಾಗಿ ತಲೆಯೆತ್ತುವುದು. ಅಷ್ಟರಲ್ಲಿ ಕೂಲಿಗಾರನು ಕಾರ್ಖಾನೆಯನ್ನು ಬಿಟ್ಟು ಹುಟ್ಟೂರನ್ನು ಸೇರಿರುತ್ತಾನೆ.

ಹಾಗಲವಾಡಿಯವನೊಬ್ಬನು ಮುಂಬಯಿಯಲ್ಲಿ ದುಡಿದು ಕೆಮ್ಮನ್ನು ಹೊತ್ತು ಹಿಂದಿರುಗಿದನೆಂದು ಭಾವಿಸೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಅವನು ಹಾನಿಯೊದಗಿದ ಸ್ಥಳದಲ್ಲಿ, ಇಲ್ಲವೇ ಪ್ರತಿವಾದಿಯು ಇರುವ ಸ್ಥಳದಲ್ಲಿ ದಾವೆ ಹೂಡಬೇಕು. ಅದನ್ನು ಬೇರೆ ರಾಜ್ಯದ ನ್ಯಾಯಸ್ಥಾನಕ್ಕೆ ವರ್ಗಾಯಿಸಬೇಕಾದರೆ 25ನೆಯ ಕಲಮಿನ ಮೇರೆಗೆ ದಿಲ್ಲಿಯ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಬೇಕು. ಗುಬ್ಬಿಗೆ ಹೋಗಿಬರುವಷ್ಟಕ್ಕೇ ಏದುಸಿರು ಬಿಡುವವನಿಗೆ ದಿಲ್ಲಿಯ ದಾರಿಯನ್ನು ತೋರಿಸುವುದು ನ್ಯಾಯವೇ?

ಪರಿಹಾರದ ಶಾಸನವು ಇದಕ್ಕಿಂತ ದಯಾಪರವಾಗಿದೆ. ಕೂಲಿಗಾರನು ತಾನು ವಾಸಿಸುವ ಪ್ರಾಂತದ ಅಧಿಕಾರಿಯ ಮುಂದೆಯೇ ಪರಿಹಾರ ಕೇಳಬಹುದೆಂದು 1923ರ ಶಾಸನಕ್ಕೆ 1995ರಲ್ಲಿ ತಿದ್ದುಪಡಿಯಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಅನುಸರಿಸಿದೆ.

ಆದರೆ ಹತ್ತಿರದ ನ್ಯಾಯಸ್ಥಾನವೇ ಯಾವಾಗಲೂ ಲೇಸೆಂದು ನಾವು ಹೇಳುವವರಲ್ಲ. ದಕ್ಷಿಣ ಆಫ್ರಿಕದ ಗಣಿಗಳಲ್ಲಿ ಮತ್ತು ಅವುಗಳ ಸುತ್ತಮುತ್ತ ಕಲ್ನಾರಿನಿಂದ ಕೆಟ್ಟ ಮೂರು ಸಾವಿರಕ್ಕೂ ಮಿಕ್ಕ ಜನರು ಕೇಪ್ ಎಂಬ ಆಂಗ್ಲ ಕಂಪೆನಿಯ ಮೇಲೆ ಲಂಡನ್ನಿನಲ್ಲಿ ವ್ಯಾಜ್ಯ ಹೂಡಿದರು. ವ್ಯಾಜ್ಯವು ಆಫ್ರಿಕದಲ್ಲಿಯೇ ನಡೆಯಲೆಂದು ಕಂಪೆನಿಯು ವಾದಿಸಿತು. ಅಲ್ಲಿ ಬಡವರಿಗೆ ವಕೀಲರೂ ತಜ್ಞರೂ ದೊರೆಯುವಂತಿಲ್ಲ, ಆದುದರಿಂದ ಅಲ್ಲಿಗೆ ಕಳುಹಿಸುವುದು ನ್ಯಾಯವನ್ನು ನಿರಾಕರಿಸಿದಂತೆ ಎಂದು 2000ದ ಜುಲೈಯಲ್ಲಿ ಪ್ರಭುಸಭೆಯು ತೀರ್ಮಾನಿಸಿತು. ಹಾದಿಯ ದೂರವಲ್ಲ, ನ್ಯಾಯ ದೊರೆಯುವ ಸಾಧ್ಯತೆಯೇ ಅಲ್ಲಿ ಅಳತೆಗೋಲಾಯಿತು.

ಆದುದರಿಂದ ನಮ್ಮ ಅಭಿಪ್ರಾಯವು ಇಷ್ಟೇ. ಎಲ್ಲಿ ವ್ಯಾಜ್ಯ ನಡೆಯಬೇಕೆಂಬ ಆಯ್ಕೆಯಲ್ಲಿ ರೋಗಿಯ ಮಾತಿಗೆ ಮೊದಲ ಮನ್ನಣೆ ಸಲ್ಲಬೇಕು. ನಡೆಯಲಾರದವನ ಹೇಳಿಕೆಯನ್ನು ಕಮಿಷನ್ ಮೂಲಕ ಮನೆಯಲ್ಲಿಯೇ ಪಡೆಯಲು ಸಂಹಿತೆಯಲ್ಲಿ ಅವಕಾಶವಿದೆ. ಅದನ್ನು ತಡವಿಲ್ಲದೆ ಬಳಸಬೇಕು. ಕೆಲಸಗಾರನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಬಿಟ್ಟಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಕಾಪಾಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ವಿಧಿಸಿತು. ಅದರ ಪ್ರತಿಯೊಂದು ಊರಿಗೆ ಮರಳುವವನ ಕೈಯಲ್ಲಿಯೂ ಇರಲಿ. ಕಾಗದಪತ್ರಗಳು ಎಷ್ಟು ದೂರ ಬೇಕಾದರೂ ಪ್ರಯಾಣ ಮಾಡಬಲ್ಲವು. ಉಸಿರು ಕಟ್ಟಿದವನು ಮಾಡಲಾರನು.