ಅಂಚೆ ಕಾರ್ಡೋ, ಅಂಟಿಸಿದ ಲಕೋಟೆಯೋ?

ಮನೆಯಲ್ಲೇ ಹಪ್ಪಳ, ಸಂಡಿಗೆ ಮಾಡಿ ಮಾರುವವರು, ಸೀರೆಗೆ ಕುಚ್ಚು ಕಟ್ಟಿಕೊಡುವವರು, ಸಂಗೀತ ಹೇಳಿಕೊಡುವವರು ಎಷ್ಟೋ ಮಂದಿ ತಮ್ಮದೇ ವೆಬ್‌ಸೈಟ್ ಇಟ್ಟುಕೊಂಡಿದ್ದಾರೆ. ನೀವೂ ಅವರಲ್ಲೊಬ್ಬರಾ? ಹಾಗಾದ್ರೆ ಇವತ್ತೇ ನಿಮ್ಮ ಸೈಟ್ ತೆರೆದು, ವಿಳಾಸ ಬರುವ ಜಾಗ ನೋಡಿ. ‘ನಾಟ್ ಸೆಕ್ಯೂರ್’ ಅಂತಿದೆಯಾ? ಎಚ್‌ಟಿಟಿಪಿ ಸೈಟ್‌ಗಳಿಗೆಲ್ಲ ಕ್ರೋಮ್ ಬ್ರೌಸರ್ 2018ರ ಜುಲೈನಿಂದ ಈ ಹಣೆಪಟ್ಟಿ ಹಚ್ಚುತ್ತಿದೆ. ಅದನ್ನು ಕಂಡ ಗ್ರಾಹಕರು ಆರ್ಡರ್ ಕೊಡದೆ ಹಿಂದೆ ಸರಿದರೆ ತಪ್ಪು ಅವರದಲ್ಲ.

‘ನಮ್ಮದು ಪುಟ್ಟ ಸೈಟು, ಬ್ಯಾಂಕೇನಲ್ಲವಲ್ಲ’ ಅಂತೀರಾ? ನಿಮ್ಮ ಆರ್ಡರ್ ಫಾರಂನಲ್ಲಿ ಮನೆ ವಿಳಾಸ, ಫೋನ್ ನಂಬರ್ ತುಂಬುವವರು ನಿಮ್ಮಂಥ ಗೃಹಿಣಿಯರೇ. ಎಚ್‌ಟಿಟಿಪಿಯಲ್ಲಿ ಆ ವಿವರ ಅಂಚೆ ಕಾರ್ಡಿನಂತೆ ಬಯಲಾಗಿ ಸಾಗುತ್ತೆ. ದಾರಿಯಲ್ಲಿ ಕದ್ದು ನೋಡುವವರು ಓದಬಹುದು, ತಿದ್ದಲೂಬಹುದು. ಎಚ್‌ಟಿಟಿಪಿಎಸ್‌ ಆದರೆ ಅಂಟಿಸಿದ ಲಕೋಟೆಯ ಹಾಗೆ. ಒಳಗಿನ ಮಾತು ಗುಪ್ತಲಿಪಿಯಲ್ಲಿ ಹೋಗುತ್ತೆ. ಸೈಟ್ ನೋಡಿಕೊಳ್ಳಲು ನೀವು ಹಾಕುವ ಪಾಸ್‌ವರ್ಡ್‌ಗೂ ಇದೇ ರಕ್ಷಣೆ.

ಖರ್ಚಿನ ಚಿಂತೆ ಬೇಡ. ಲಾಭದ ಉದ್ದೇಶವಿಲ್ಲದ ‘ಲೆಟ್ಸ್ ಎನ್‌ಕ್ರಿಪ್ಟ್’ 2015ರ ಕೊನೆಯಿಂದ ಇದಕ್ಕೆ ಬೇಕಾದ ಸರ್ಟಿಫಿಕೇಟನ್ನು ಪುಕ್ಕಟೆಯಾಗಿ ಕೊಡ್ತಿದೆ. ಅನೇಕ ಹೋಸ್ಟಿಂಗ್ ಕಂಪನಿಗಳು ತಾವೇ ಅದನ್ನು ಹಾಕಿಕೊಡುತ್ತವೆ. ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ, ‘ಉಚಿತವಾದದ್ದು ಯಾಕೆ ಸಾಲದು?’ ಅಂತ ಕೇಳಲು ಸಂಕೋಚ ಬೇಡ.

ಕೆಲಸ ಮಗನೇ ಮಾಡಲಿ, ಪರಿಚಯದ ಹುಡುಗನೇ ಮಾಡಲಿ, ಇಷ್ಟನ್ನು ನೀವೇ ವಿಚಾರಿಸಿ:

* ಶುರು ಮಾಡುವ ಮುನ್ನ ಇಡೀ ಸೈಟಿನ ಬ್ಯಾಕಪ್ ತೆಗೆದಿಟ್ಟಿದ್ದಾರಾ?

* ಹಳೇ ವಿಳಾಸ ಒತ್ತಿದವರು ತಾನಾಗೇ ಹೊಸದಕ್ಕೆ ಬರ್ತಾರಾ? ಇಲ್ಲದಿದ್ದರೆ ಹಳೇ ಗಿರಾಕಿಗಳು ಹಳೇ ದಾರಿಯಲ್ಲೇ ಉಳಿಯುತ್ತಾರೆ.

* ಫೋಟೋಗಳ ಲಿಂಕ್‌ಗಳೂ ಎಚ್‌ಟಿಟಿಪಿಎಸ್‌ಗೆ ಬದಲಾಗಿವೆಯಾ? ಒಂದೆರಡು ಉಳಿದರೂ ಚಿತ್ರ ಕಾಣದೆ ಹೋಗಬಹುದು.

* ಸರ್ಟಿಫಿಕೇಟ್ ತಾನಾಗೇ ನವೀಕರಣ ಆಗುತ್ತಾ? ಉಚಿತ ಸರ್ಟಿಫಿಕೇಟಿನ ಅವಧಿ ಕೆಲವೇ ತಿಂಗಳು. ಅದು ಮುಗಿದರೆ ಬ್ರೌಸರ್ ದೊಡ್ಡ ಎಚ್ಚರಿಕೆ ತೋರಿಸಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತೆ.

ಇನ್ನೊಂದು ಮಾತು ನೆನಪಿರಲಿ. ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು ಮಾತ್ರ, ಅಂಗಡಿಯವರ ಪ್ರಾಮಾಣಿಕತೆಗೆ ಅದು ಜಾಮೀನಲ್ಲ. ಮೋಸದ ಸೈಟಿಗೂ ಸರ್ಟಿಫಿಕೇಟ್ ಸಿಗುತ್ತೆ. ಬೀಗದ ಚಿತ್ರ ಕಂಡರೆ ಸೈಟೇ ನಂಬಿಕಸ್ಥ ಅಂತ ಜನ ತಿಳಿಯುತ್ತಿದ್ದರಿಂದಲೇ ಕ್ರೋಮ್ 2023ರಲ್ಲಿ ಆ ಚಿತ್ರವನ್ನು ಕೈಬಿಟ್ಟಿತು. ಆದ್ದರಿಂದ ಕೊಳ್ಳುವಾಗ ವಿಳಾಸದ ಅಕ್ಷರಗಳನ್ನು ಸರಿಯಾಗಿ ಓದಿ. ಮಾರುವಾಗ, ನಿಮ್ಮನ್ನು ನಂಬಿ ಕೊಟ್ಟ ಫೋನ್ ನಂಬರನ್ನು ಕಂಡಕಂಡವರಿಗೆ ಹಂಚಬೇಡಿ. ದಾರಿಯಲ್ಲಿ ಕಾಪಾಡಿದ್ದನ್ನು ಮನೆಯೊಳಗೂ ಕಾಪಾಡಬೇಕು, ಅಲ್ವೇ?