ಕಾಯುವ ಹೊತ್ತಿಗೆ ಕೂಲಿ ಕೊಡುವವರು ಯಾರು?



ವರ್ಷಕ್ಕೆ ಲಕ್ಷ ಡಾಲರ್ ಸಂಬಳ ಅಂದರೆ ಯಾರ ಕಿವಿ ನೆಟ್ಟಗಾಗುವುದಿಲ್ಲ? 2008ರ ನಂತರದ ನಾಲ್ಕಾರು ವರ್ಷ ಅಮೆರಿಕದ ಊರೂರಿನಲ್ಲಿ ಈ ಮಾತು ಓಡಾಡಿತು. ಆಗ ಅಲ್ಲಿ ಬ್ಯಾಂಕುಗಳು ಮುಳುಗಿದ್ದವು. ಕಾರ್ಖಾನೆಗಳು ಬಾಗಿಲು ಹಾಕಿದ್ದವು. ಸಾಲ ಕಟ್ಟಲಾಗದವರ ಮನೆಗಳಿಗೆ ಬೀಗ ಬೀಳುತ್ತಿತ್ತು. 2009ರ ಅಕ್ಟೋಬರಿನಲ್ಲಿ, ದುಡಿಯಲು ಸಿದ್ಧವಿದ್ದ ಪ್ರತಿ ನೂರು ಜನರಲ್ಲಿ ಹತ್ತು ಜನಕ್ಕೆ ಕೆಲಸವಿರಲಿಲ್ಲ. ಅದೇ ಹೊತ್ತಿಗೆ ಕೆನಡಾದ ಗಡಿಗೆ ಅಂಟಿಕೊಂಡ ನಾರ್ತ್ ಡಕೋಟಾ ರಾಜ್ಯದಲ್ಲಿ, ಬಾಕನ್ ಎಂಬ ಕಲ್ಲಿನ ಪದರದಿಂದ ಎಣ್ಣೆ ಹಿಂಡುವ ಹೊಸ ವಿಧಾನ ಕಂಪನಿಗಳ ಕೈಗೆ ಬಂದಿತ್ತು. ದೊಡ್ಡ ಲಾರಿ ಓಡಿಸುವ ಲೈಸೆನ್ಸ್ ಇದ್ದರೆ ಸಾಕು, ಬನ್ನಿ ಅಂತ ಕರೆ ಹೋಯಿತು.

ಜನ ಹೊರಟರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಕಾರಿನ ಹಿಂದಿನ ಸೀಟಿನಲ್ಲಿ ಹಾಸಿಗೆ ಸುತ್ತಿಟ್ಟುಕೊಂಡು, ಸಾವಿರಾರು ಮೈಲಿ ದೂರದಿಂದ ಹೊರಟರು. 2010ರ ಜನಗಣತಿಯಲ್ಲಿ ವಿಲಿಸ್ಟನ್ ಎಂಬ ಪಟ್ಟಣದಲ್ಲಿ ಇದ್ದವರು 14,716 ಜನ. 2020ರ ಗಣತಿಯಲ್ಲಿ 29,160. ಪಕ್ಕದ ಮೆಕೆಂಜಿ ಕೌಂಟಿ ಆ ಹತ್ತು ವರ್ಷಗಳಲ್ಲಿ ಇಡೀ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದ ಜಿಲ್ಲೆ ಅನ್ನಿಸಿಕೊಂಡಿತು. ಇದು ಗಣತಿಗೆ ಸಿಕ್ಕವರ ಲೆಕ್ಕ ಮಾತ್ರ. ಬೇರೆ ರಾಜ್ಯದಲ್ಲಿ ಸಂಸಾರ ಇಟ್ಟುಕೊಂಡು ಇಲ್ಲಿಗೆ ಬಂದು ಹೋಗಿ ದುಡಿಯುತ್ತಿದ್ದವರು ಇದರಲ್ಲಿ ಸೇರಿಲ್ಲ. 2014ರ ಏಪ್ರಿಲಿನಲ್ಲಿ ಆ ರಾಜ್ಯದಿಂದ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್‌ಗಿಂತ ಹೆಚ್ಚು ಎಣ್ಣೆ ಹೊರಬಂತು.

ಅಮೆರಿಕದ ಲಾರಿ ಡ್ರೈವರನ ಕಥೆ ಹಾಸ್ಟೆಲಿನಲ್ಲಿ ಕೂತ ನಮಗ್ಯಾಕೆ ಅಂತ ಕೆಲವರು ಕೇಳಬಹುದು. ಸ್ವಲ್ಪ ತಾಳಿ. ದುಡಿಮೆಯ ಯಾವ ಗಂಟೆ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ, ಇದನ್ನು ಬರೆಯುವ ಪೆನ್ನು ಯಾರ ಕೈಲಿದೆ ಎಂಬುದು ಅಲ್ಲಿಯ ಪ್ರಶ್ನೆಯೂ ಹೌದು, ನಮ್ಮ ಪ್ರಶ್ನೆಯೂ ಹೌದು.

ಮೊದಲು ಲಾರಿ ಯಾಕೆ ಬೇಕು ಅನ್ನೋದನ್ನು ನೋಡೋಣ. ಇಲ್ಲಿ ಎಣ್ಣೆ ತಾನಾಗಿ ಚಿಮ್ಮುವುದಿಲ್ಲ. ಸುಮಾರು ಎರಡು ಮೈಲಿ ಆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ಮತ್ತೆ ಎರಡು ಮೈಲಿ ಕೊರೆದು, ಲಕ್ಷಾಂತರ ಗ್ಯಾಲನ್ ನೀರು, ಮರಳು, ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಬಿರಿಸಬೇಕು. ನೀರು ತರಲು ಲಾರಿ. ಮರಳು ತರಲು ಲಾರಿ. ಕೊರೆಯುವ ಯಂತ್ರ, ಪೈಪು ಹೊರಲು ಲಾರಿ. ಎಣ್ಣೆಯ ಜೊತೆಗೆ ಬರುವ, ಸಮುದ್ರಕ್ಕಿಂತ ಎಷ್ಟೋ ಪಟ್ಟು ಉಪ್ಪಾದ ಕೊಳಕು ನೀರನ್ನು ದೂರ ಸಾಗಿಸಲು ಲಾರಿ. ಪೈಪ್‌ಲೈನ್ ಇಲ್ಲದ ಕಡೆ ಎಣ್ಣೆಯನ್ನು ಹೊರುವುದಕ್ಕೂ ಲಾರಿ. ಒಂದೇ ಒಂದು ಬಾವಿ ಸಿದ್ಧವಾಗಬೇಕಾದರೆ ಲಾರಿಗಳು ಎರಡು ಸಾವಿರದಷ್ಟು ಸಲ ಓಡಾಡಬೇಕು ಅಂತ ಅಲ್ಲಿನವರ ಲೆಕ್ಕ. ರೈತರ ಟ್ರ್ಯಾಕ್ಟರು, ಪಿಕಪ್ಪು ಓಡಾಡಲೆಂದು ಮಾಡಿದ ಮಣ್ಣಿನ ರಸ್ತೆಗಳ ಮೇಲೆ ಈ ಲಾರಿಗಳು ಹಗಲೂ ರಾತ್ರಿ ಓಡಿದವು. ಬೇಸಿಗೆಯಲ್ಲಿ ಕೆಂಪು ಧೂಳು. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ, ರಸ್ತೆ ತುಂಬ ಹಿಮ.

ಕೈತುಂಬ ಸಂಬಳವೇನೋ ಸಿಕ್ಕಿತು. ಮಲಗುವುದೆಲ್ಲಿ? 2014ರಲ್ಲಿ ಬಾಡಿಗೆ ಮನೆಗಳ ಒಂದು ಸಮೀಕ್ಷೆ, ಒಂದು ಕೋಣೆಯ ಮನೆಗೆ ದೇಶದಲ್ಲೇ ಅತಿ ಹೆಚ್ಚು ಬಾಡಿಗೆ ವಿಲಿಸ್ಟನ್ನಿನಲ್ಲಿದೆ ಎಂದಿತು. ತಿಂಗಳಿಗೆ 2,300 ಡಾಲರಿಗೂ ಮೇಲೆ. ನ್ಯೂಯಾರ್ಕಿಗಿಂತ ಹೆಚ್ಚು! ಬಂದವರು ಅಂಗಡಿಗಳ ಮುಂದಿನ ಬಯಲಿನಲ್ಲಿ ಕಾರು ನಿಲ್ಲಿಸಿ ಅದರಲ್ಲೇ ಮಲಗಿದರು. ಕಂಪನಿಗಳು ತಗಡಿನ ಪೆಟ್ಟಿಗೆಗಳಂಥ ಕೋಣೆಗಳನ್ನು ಸಾಲಾಗಿ ಜೋಡಿಸಿ, ಗಂಡಸರೇ ತುಂಬಿದ ಶಿಬಿರಗಳನ್ನು ಎಬ್ಬಿಸಿದವು. ಊರಿನ ಒಂದು ಲೂಥರನ್ ಚರ್ಚಿನ ಪಾದ್ರಿ 2011ರಿಂದ ಸುಮಾರು ಎರಡು ವರ್ಷ ಇಂಥವರಿಗೆ ಚರ್ಚಿನ ನೆಲದ ಮೇಲೆ ಮಲಗಲು ಜಾಗ ಕೊಟ್ಟರು. ನೆರೆಹೊರೆಯವರು ತಕರಾರು ತೆಗೆದರು. ಕೊನೆಗೆ ಆ ಬಾಗಿಲೂ ಮುಚ್ಚಿತು. 'ದಿ ಓವರ್‌ನೈಟರ್ಸ್' ಎಂಬ 2014ರ ಸಾಕ್ಷ್ಯಚಿತ್ರದಲ್ಲಿ ಇದೆಲ್ಲ ಇದೆ. 2015ರಲ್ಲಿ ವಿಲಿಸ್ಟನ್ನಿನ ನಗರಸಭೆ ಊರೊಳಗಿನ ಶಿಬಿರಗಳನ್ನೂ ಮುಚ್ಚಬೇಕೆಂದು ತೀರ್ಮಾನಿಸಿತು. ಇವರ ಬೆವರು ಬೇಕು, ಇವರು ಪಕ್ಕದ ಮನೆಯಲ್ಲಿರುವುದು ಬೇಡ. ಈ ಮಾತಿನ ರುಚಿ ನಮ್ಮ ಓದುಗರಿಗೆ ಹೊಸದಲ್ಲ.

ಮನೆಯವರನ್ನು ಕರೆಸಿಕೊಳ್ಳಲಾರದವರು ಓಡಾಟಕ್ಕೆ ಬಿದ್ದರು. ಎರಡು ವಾರ ದುಡಿಮೆ, ಒಂದು ವಾರ ರಜ. ಕೊನೆಯ ಪಾಳಿ ಮುಗಿಸಿ, ಮುಖ ತೊಳೆದು, ಹತ್ತು ಹನ್ನೆರಡು ಗಂಟೆ ಕಾರು ಓಡಿಸಿಕೊಂಡು ಮಕ್ಕಳ ಮುಖ ನೋಡಲು ಹೋಗುವುದು. ಕೆಲವರು ವಿಲಿಸ್ಟನ್ ಮೂಲಕ ಹಾಯುವ ರೈಲು ಹಿಡಿದರು. ರಜೆಯ ವಾರದಲ್ಲಿ ಎರಡು ದಿನ ದಾರಿಗೇ ಹೋಯಿತು. ಈ ದಾರಿಯ ಹೊತ್ತು ಯಾರ ಲೆಕ್ಕ? ಮನೆಯಿಂದ ಕೆಲಸಕ್ಕೆ ಬರುವ, ಹೋಗುವ ಹೊತ್ತಿಗೆ ಮಾಲೀಕ ಕೂಲಿ ಕೊಡಬೇಕಾಗಿಲ್ಲ ಅಂತ ಅಮೆರಿಕದಲ್ಲಿ 1947ರಲ್ಲೇ ಕಾನೂನಾಗಿದೆ. ಅರ್ಧ ಗಂಟೆಯ ದಾರಿಗೂ ಅದೇ ಕಾನೂನು, ಅರ್ಧ ದೇಶ ದಾಟುವ ದಾರಿಗೂ ಅದೇ ಕಾನೂನು.

ಈಗ ಮುಖ್ಯ ಮಾತಿಗೆ ಬರೋಣ. ಅಮೆರಿಕದಲ್ಲಿ ಸರಕಿನ ಲಾರಿಯ ಡ್ರೈವರ್ ಎಷ್ಟು ಗಂಟೆ ಓಡಿಸಬಹುದು ಅನ್ನೋದಕ್ಕೆ ನಿಯಮವಿದೆ. ಹತ್ತು ಗಂಟೆ ಬಿಡುವಾದ ಮೇಲೆ, ಕೆಲಸ ಶುರುಮಾಡಿದ ಹದಿನಾಲ್ಕು ಗಂಟೆಯೊಳಗೆ ಹನ್ನೊಂದು ಗಂಟೆ ಮಾತ್ರ ಓಡಿಸಬಹುದು. ಎಂಟು ದಿನಕ್ಕೆ 70 ಗಂಟೆಯ ಮಿತಿ. ಮಿತಿ ಮುಟ್ಟಿದವರು ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಆರಂಭಿಸಬೇಕಾದರೆ ಸತತ 34 ಗಂಟೆ ವಿಶ್ರಾಂತಿ ತೆಗೆದುಕೊಳ್ಳಬೇಕು. ಆದರೆ ಎಣ್ಣೆಬಾವಿಯ ಕೆಲಸದವರಿಗೆ 24 ಗಂಟೆ ಸಾಕಂತೆ! ಇದು 1960ರ ದಶಕದಿಂದ ನಡೆದುಬಂದ ವಿನಾಯಿತಿ. ಎಣ್ಣೆಯವರ ಮೈ ಬೇರೆಯವರ ಮೈಗಿಂತ ಹತ್ತು ಗಂಟೆ ಮೊದಲೇ ದಣಿವಾರಿಸಿಕೊಳ್ಳುತ್ತದೆಯೇ?

ಇನ್ನೊಂದು ವಿನಾಯಿತಿ ಇದಕ್ಕಿಂತ ಚೆನ್ನಾಗಿದೆ. ಬಾವಿಯ ಕೆಲಸಕ್ಕೆಂದೇ ಕಟ್ಟಿದ ವಿಶೇಷ ಲಾರಿಗಳ ಡ್ರೈವರ್ ಬಾವಿಯ ಹತ್ತಿರ ಸರದಿ ಕಾಯುತ್ತ ಕೂತರೆ, ಆ ಹೊತ್ತು ಡ್ಯೂಟಿಯಲ್ಲ. ಹದಿನಾಲ್ಕು ಗಂಟೆಯ ಲೆಕ್ಕಕ್ಕೂ ಅದು ಸೇರುವುದಿಲ್ಲ. ಎಂಟು ಗಂಟೆ ಕಾದು, ಆಮೇಲೆ ಕೆಲಸ ಮಾಡಿ, ಆಮೇಲೆ ಕತ್ತಲಲ್ಲಿ ಲಾರಿ ಓಡಿಸಿದರೂ ಕಾನೂನಿನ ಪ್ರಕಾರ ಅವನು ದಣಿದಿಲ್ಲ! ನೀರು, ಮರಳು ಸಾಗಿಸುವ ಮಾಮೂಲಿ ಲಾರಿಗಳಿಗೆ ಈ ಎರಡನೆಯ ವಿನಾಯಿತಿ ಸಲ್ಲದು ಅಂತ 2012ರಲ್ಲಿ ಸರ್ಕಾರವೇ ಸ್ಪಷ್ಟನೆ ಕೊಡಬೇಕಾಯಿತು. ಸ್ಪಷ್ಟನೆ ಯಾಕೆ ಬೇಕಾಯಿತು ಅನ್ನೋದನ್ನು ನೀವೇ ಊಹಿಸಿ. ಗಂಟೆಗಳನ್ನು ಯಂತ್ರವೇ ದಾಖಲಿಸಬೇಕೆಂಬ ನಿಯಮ ಜಾರಿಗೆ ಬಂದದ್ದು 2017ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಬಹುಪಾಲು ಡ್ರೈವರುಗಳದು ಕಾಗದದ ಪುಸ್ತಕ. ಕಾಗದ ಏನು ಬರೆದರೂ ತಾಳಿಕೊಳ್ಳುತ್ತದೆ, ಮೈ ತಾಳಿಕೊಳ್ಳುವುದಿಲ್ಲ.

ಇಷ್ಟರ ಮೇಲೆ, ಅಂತರರಾಜ್ಯ ಸರಕು ಸಾಗಿಸುವ ದೊಡ್ಡ ಲಾರಿಗಳ ಡ್ರೈವರುಗಳನ್ನು 1938ರ ಕಾರ್ಮಿಕ ಕಾನೂನು ಓವರ್‌ಟೈಮಿನ ಹಕ್ಕಿನಿಂದಲೇ ಹೊರಗಿಟ್ಟಿದೆ. ಲೋಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನ ಪಾಡು ಇನ್ನೂ ಕಷ್ಟ. ಸಾಲಿನಲ್ಲಿ ನಿಂತ ಹೊತ್ತೆಲ್ಲ ಅವನ ಗಂಟೇ ಕರಗುತ್ತದೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿ ನಿಲ್ಲಿಸಿಕೊಂಡು ರಾತ್ರಿಯೆಲ್ಲ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕಕ್ಕೆ ಬಾರದ ಈ ಗಂಟೆಗಳು ಎಲ್ಲಿಗೂ ಹೋಗುವುದಿಲ್ಲ. ಹೆಣಗಳಾಗಿ ರಸ್ತೆಯ ಮೇಲೆ ಬೀಳುತ್ತವೆ. 2003ರಿಂದ 2013ರವರೆಗೆ ಅಮೆರಿಕದ ಎಣ್ಣೆ ಮತ್ತು ಅನಿಲ ಕೆಲಸದಲ್ಲಿ ಸತ್ತವರು 1,189 ಜನ. ಅವರಲ್ಲಿ ನೂರಕ್ಕೆ 40ರಷ್ಟು ಜನ ಸತ್ತದ್ದು ಸಾರಿಗೆ ಅಪಘಾತಗಳಲ್ಲಿ. ಬಾವಿಯ ಬೆಂಕಿಗಿಂತ ರಸ್ತೆಯೇ ಹೆಚ್ಚು ಜನರನ್ನು ತಿಂದಿತು. 2012ರಲ್ಲಿ ನಾರ್ತ್ ಡಕೋಟಾದಲ್ಲಿ ಪ್ರತಿ ಲಕ್ಷ ದುಡಿಮೆಗಾರರಿಗೆ 17.7 ಜನ ಕೆಲಸದ ಮೇಲೆ ಸತ್ತರು ಅಂತ ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ ಲೆಕ್ಕ ಕೊಟ್ಟಿತು. ದೇಶದ ಸರಾಸರಿ 3.4. ಐದು ಪಟ್ಟು! ಇನ್ನೂ ಒಂದು ಸಾವಿನ ಬಗೆಯಿದೆ. ಎಣ್ಣೆಯ ಮಟ್ಟ ಅಳೆಯಲು ಟ್ಯಾಂಕಿನ ಮುಚ್ಚಳ ತೆಗೆದಾಗ ಬುಗ್ಗನೆ ಬರುವ ಅನಿಲ ಕುಡಿದು 2010ರಿಂದ 2014ರ ನಡುವೆ ಒಂಬತ್ತು ಜನ ಸತ್ತದ್ದನ್ನು ಸರ್ಕಾರದ ಸಂಸ್ಥೆಗಳೇ ಗುರುತಿಸಿದವು. ಇವರಲ್ಲೂ ಲಾರಿಯವರಿದ್ದರು.

ಅಷ್ಟು ಮಾಡಿ ಸಿಕ್ಕ ಕೆಲಸವಾದರೂ ನಿಂತಿತೆ? 2014ರ ನಡುವಿನಲ್ಲಿ ಬ್ಯಾರೆಲ್ಲಿಗೆ ನೂರು ಡಾಲರ್ ಮೇಲಿದ್ದ ಎಣ್ಣೆಯ ಬೆಲೆ 2016ರ ಆರಂಭಕ್ಕೆ ಮೂವತ್ತಕ್ಕಿಂತ ಕೆಳಗೆ ಕುಸಿಯಿತು. 2012ರಲ್ಲಿ ಇನ್ನೂರು ದಾಟಿದ್ದ ಆ ರಾಜ್ಯದ ಕೊರೆಯುವ ರಿಗ್ಗುಗಳು 2016ರ ಮೇ ಹೊತ್ತಿಗೆ ಮೂವತ್ತಕ್ಕಿಂತ ಕಡಿಮೆ. ಸಾಲ ಮಾಡಿ ಲಾರಿ ಕೊಂಡು 'ನಾನೇ ಮಾಲೀಕ' ಅಂದುಕೊಂಡವನಿಗೆ ಉಳಿದದ್ದು ಕಂತು. ಅನೇಕರು ದಕ್ಷಿಣಕ್ಕೆ, ಟೆಕ್ಸಾಸ್ ಮತ್ತು ನ್ಯೂಮೆಕ್ಸಿಕೋದ ಪರ್ಮಿಯನ್ ಪ್ರದೇಶಕ್ಕೆ ಗಾಡಿ ತಿರುಗಿಸಿದರು. ಅಲ್ಲಿ ಮತ್ತೆ ಅದೇ ಬಾಡಿಗೆ, ಅದೇ ಶಿಬಿರ. ಅಲ್ಲಿನ 285ನೇ ನಂಬರಿನ ರಸ್ತೆಗೆ ಜನ ಇಟ್ಟ ಹೆಸರು 'ಸಾವಿನ ಹೆದ್ದಾರಿ'. 2020ರ ಏಪ್ರಿಲಿನಲ್ಲಿ ಎಣ್ಣೆಯ ಬೆಲೆ ಒಂದು ದಿನ ಸೊನ್ನೆಗಿಂತಲೂ ಕೆಳಗಿಳಿದಾಗ ಅಲ್ಲೂ ಕೆಲಸ ಹೋಯಿತು.

ಆ ನೆಲದ ಮೂಲದವರನ್ನು ಮರೆಯುವಂತಿಲ್ಲ. ಬಾಕನ್ ಎಣ್ಣೆಯ ಒಂದು ದೊಡ್ಡ ಪಾಲು ಇರುವುದು ಮಂಡನ್, ಹಿಡಾಟ್ಸಾ, ಅರಿಕರಾ ಎಂಬ ಮೂರು ಆದಿವಾಸಿ ಬುಡಕಟ್ಟುಗಳ ಫೋರ್ಟ್ ಬರ್ತೋಲ್ಡ್ ಎಂಬ ಮೀಸಲು ಪ್ರದೇಶದಲ್ಲಿ. 1950ರ ದಶಕದಲ್ಲಿ ಗ್ಯಾರಿಸನ್ ಅಣೆಕಟ್ಟಿನ ನೀರು ಇವರ ಒಂದೂವರೆ ಲಕ್ಷ ಎಕರೆ ಭೂಮಿಯನ್ನು, ನದಿದಂಡೆಯ ಫಲವತ್ತಾದ ಹೊಲಗಳನ್ನು ಮುಳುಗಿಸಿತು. ದಿಬ್ಬದ ಮೇಲೆ ಹೊಸದಾಗಿ ಕಟ್ಟಿದ ಊರಿಗೆ 'ನ್ಯೂ ಟೌನ್' ಅಂತಲೇ ಹೆಸರಿಟ್ಟರು. ಅರ್ಧ ಶತಮಾನದ ಮೇಲೆ ಆ ಊರಿನ ನಡುವೆಯೇ ಎಣ್ಣೆ ಲಾರಿಗಳು ನುಗ್ಗಿದವು. ಬುಡಕಟ್ಟಿಗೆ ಹಣ ಬಂತು, ಕೆಲಸವೂ ಬಂತು. ಧೂಳು, ಒಡೆದ ರಸ್ತೆ, ಅಪಘಾತಗಳೂ ಬಂದವು. ಡ್ರೈವರನಾದರೂ ಗಾಡಿ ತಿರುಗಿಸಿಕೊಂಡು ಬೇರೆ ಊರಿಗೆ ಹೋದಾನು. ಈ ಜನ ಎಲ್ಲಿಗೆ ಹೋಗಬೇಕು?

ಹಾಗಂತ ಎಣ್ಣೆ ಕೆಲಸಕ್ಕೆ ಹೋದವರೆಲ್ಲ ಮೂರ್ಖರು ಅಂತ ನಾವು ಹೇಳುತ್ತಿಲ್ಲ. ಎಷ್ಟೋ ಜನ ಅಲ್ಲಿ ದುಡಿದು ಸಾಲ ತೀರಿಸಿದರು, ಮಕ್ಕಳನ್ನು ಓದಿಸಿದರು. ಹಸಿದವನಿಗೆ ದೂರದ ಊರು ದೂರವಲ್ಲ. ನಮ್ಮ ಮಾತು ಇಷ್ಟೆ: ಸಂಬಳದ ಅಂಕಿ ದೊಡ್ಡದಾಗಿ ಕಾಣುವುದು ಕಾಯುವ ಹೊತ್ತು, ದಾರಿಯ ಹೊತ್ತು, ಕಳೆದುಹೋದ ನಿದ್ದೆ ಇವುಗಳನ್ನು ಪಕ್ಕಕ್ಕೆ ಸರಿಸಿದಾಗ. ಅವನ್ನೂ ಕೂಡಿಸಿ ಭಾಗಿಸಿ ನೋಡಿದರೆ ಗಂಟೆಯ ಕೂಲಿ ಕುಗ್ಗುತ್ತದೆ. ಸಂಬಳ ಪಡೆಯುವ ಮನುಷ್ಯನ ದಿನದೊಳಗೂ ಬಿಟ್ಟಿ ಚಾಕರಿ ಅಡಗಿ ಕೂತಿರಬಹುದು.

ನಮ್ಮಲ್ಲೇ ನೋಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಎಂದಿತು. ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು ಹದಿನೈದು ನಿಮಿಷಕ್ಕಿಂತ ಕಡಿಮೆಯಿದ್ದರೆ ಅದೂ ದುಡಿಮೆಯೇ ಎಂದಿತು. ಹದಿನಾರನೇ ನಿಮಿಷದಿಂದ ಅವನು ಯಾರ ಆಳು? 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಆ ಕಾಯ್ದೆ ಸೇರಿಹೋಗಿದೆ. ಕಾನೂನು ಓದುವ ಗೆಳೆಯರು ಆ ಸಂಹಿತೆಯನ್ನು ತೆರೆದು, ಕಾಯುವ ಹೊತ್ತಿನ ಬಗ್ಗೆ ಏನು ಬರೆದಿದೆ ಅಂತ ಓದಿ, ಊರಿನ ಲಾರಿ ಸ್ಟ್ಯಾಂಡಿನಲ್ಲಿ ಕೂತು ನಾಲ್ಕು ಜನ ಡ್ರೈವರುಗಳಿಗೆ ತಿಳಿಸಲಿ. ಅದೇ ದೊಡ್ಡ ಕೆಲಸ.

ನಾಳೆ ನಿಮ್ಮಲ್ಲೊಬ್ಬರು, ಇಲ್ಲವೇ ನಿಮ್ಮ ಅಣ್ಣನೋ ತಮ್ಮನೋ, ಎಣ್ಣೆಯ ನಾಡಿಗೋ ಗಣಿಯ ನಾಡಿಗೋ ಹೊರಟು ನಿಲ್ಲಬಹುದು. ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀವು ಮುಂದಿನದನ್ನೂ ಕೇಳಿ. ಕಾಯುವ ಹೊತ್ತಿಗೆ ಕೂಲಿ ಉಂಟೆ? ಹೋಗಿ ಬರುವ ಖರ್ಚು ಯಾರದು? ಲಾರಿಯ ಸಾಲ ಯಾರ ಹೆಸರಿನಲ್ಲಿದೆ? ಮಲಗುವ ಜಾಗ ಎಲ್ಲಿ, ನಿದ್ದೆ ಎಷ್ಟು ಗಂಟೆ? ಕೆಲಸ ನಿಂತ ದಿನ ಊರಿಗೆ ಕಳಿಸುವವರು ಯಾರು? ಉತ್ತರವನ್ನು ಬಾಯಲ್ಲಿ ಕೇಳಿಸಿಕೊಂಡು ಬರಬೇಡಿ, ಕಾಗದದಲ್ಲಿ ಬರೆಸಿಕೊಳ್ಳಿ. ಒಬ್ಬನೇ ಕೇಳಿದರೆ 'ಬೇರೆ ಡ್ರೈವರ್ ಸಿಗ್ತಾನೆ ಹೋಗಯ್ಯ' ಅಂತಾರೆ. ಸಾಲಿನಲ್ಲಿ ನಿಂತ ಅಷ್ಟೂ ಲಾರಿಗಳವರು ಇಳಿದು ಬಂದು ಕೇಳಿದರೆ, ಬಾವಿಯೇ ಕಾಯಬೇಕಾಗುತ್ತದೆ.